ಲಿಯರ್‌ಜೆಟ್ ನಿಜಕ್ಕೂ ‘ಹಾರುವ ಶವಪೆಟ್ಟಿಗೆ’ಯೇ? ಚಿಕ್ಕ ಜೆಟ್‌ಗಳ ಅಪಘಾತದ ಲೆಕ್ಕ ಓದುವುದು ಹೇಗೆ

ಎಲ್ಲಾದರೂ ಒಂದು ಚಿಕ್ಕ ವಿಮಾನ ಬಿದ್ದ ಸುದ್ದಿ ಬಂದರೆ ಸಾಕು, ಸಂಜೆಯೊಳಗೆ ನಮ್ಮ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಪಟ್ಟಿ ಓಡಾಡತೊಡಗುತ್ತದೆ. ಸಂಜಯ್ ಗಾಂಧಿ, ಮಾಧವರಾವ್ ಸಿಂಧಿಯಾ, ಬಾಲಯೋಗಿ, ನಮ್ಮ ನಟಿ ಸೌಂದರ್ಯ, ವೈ.ಎಸ್. ರಾಜಶೇಖರ ರೆಡ್ಡಿ. ಹೆಸರುಗಳ ಕೆಳಗೆ ಚೂಪು ಮೂತಿಯ ಬಿಳಿ ಜೆಟ್ ಒಂದರ ಫೋಟೊ. ಅದರ ಕೆಳಗೆ ‘ಈ ವಿಮಾನ ಇನ್ನೆಷ್ಟು ಜನರನ್ನು ಬಲಿ ತೆಗೆದುಕೊಳ್ಳಬೇಕು? ಎಲ್ಲರಿಗೂ ಶೇರ್ ಮಾಡಿ’ ಎಂಬ ಸಾಲು. ಆ ಫೋಟೊದಲ್ಲಿ ಬಹಳ ಸಲ ಇರುವುದು ಲಿಯರ್‌ಜೆಟ್. ಒಂದು ಕಾಲದಲ್ಲಿ ಮಿಗ್-21ಕ್ಕೆ ಅಂಟಿದ್ದ ‘ಹಾರುವ ಶವಪೆಟ್ಟಿಗೆ’ ಎಂಬ ಹೆಸರನ್ನು ಈಗ ಇದಕ್ಕೂ ಅಂಟಿಸಲಾಗುತ್ತಿದೆ.

ಮೊದಲು ಆ ಪಟ್ಟಿಯನ್ನೇ ನೋಡೋಣ. ಅದರಲ್ಲಿರುವ ಒಂದು ಹೆಸರೂ ಜೆಟ್ ವಿಮಾನಕ್ಕೆ ಸಂಬಂಧಿಸಿದ್ದಲ್ಲ. 1980ರಲ್ಲಿ ಸಂಜಯ್ ಗಾಂಧಿ ಹಾರಿಸುತ್ತಿದ್ದದ್ದು ಪಿಟ್ಸ್ ಎಂಬ ಪುಟ್ಟ ಕಸರತ್ತಿನ ವಿಮಾನ. 2001ರಲ್ಲಿ ಸಿಂಧಿಯಾ ಅವರಿದ್ದದ್ದು ಕಿಂಗ್ ಏರ್ ಸಿ90, ಅಂದರೆ ಪ್ರೊಪೆಲ್ಲರ್ ಇರುವ ಟರ್ಬೊಪ್ರಾಪ್. 2002ರಲ್ಲಿ ಲೋಕಸಭಾ ಸ್ಪೀಕರ್ ಬಾಲಯೋಗಿ ಮತ್ತು 2009ರಲ್ಲಿ ರಾಜಶೇಖರ ರೆಡ್ಡಿ ತೀರಿಕೊಂಡದ್ದು ಹೆಲಿಕಾಪ್ಟರ್ ಅಪಘಾತಗಳಲ್ಲಿ. 2004ರ ಏಪ್ರಿಲ್ 17ರಂದು ಸೌಂದರ್ಯ ಬೆಂಗಳೂರಿನ ಜಕ್ಕೂರಿನಿಂದ ಚುನಾವಣಾ ಪ್ರಚಾರಕ್ಕೆ ಹೊರಟದ್ದು ಒಂದೇ ಎಂಜಿನ್ನಿನ ಸೆಸ್ನಾ 180ರಲ್ಲಿ. ಆಟೊ, ಟ್ರ್ಯಾಕ್ಟರ್, ಬೈಕ್ ಅಪಘಾತಗಳನ್ನೆಲ್ಲ ಒಟ್ಟಿಗೆ ಸೇರಿಸಿ, ಕೆಳಗೆ ಒಂದು ಕಾರಿನ ಫೋಟೊ ಹಾಕಿ ‘ಈ ಕಾರು ಕೊಳ್ಳಬೇಡಿ’ ಎಂದರೆ ಹೇಗಿರುತ್ತದೋ ಹಾಗಿದೆ ಇದು.

ಹಾಗಂತ ಲಿಯರ್‌ಜೆಟ್‌ಗೆ ಅಪಘಾತಗಳೇ ಆಗಿಲ್ಲ ಎಂದಲ್ಲ. ಆಗಿವೆ, ಬೇಕಾದಷ್ಟು ಆಗಿವೆ. ಮುಂಬೈಯಲ್ಲೂ ಆಗಿದೆ. 2023ರ ಸೆಪ್ಟೆಂಬರ್ 14ರಂದು ವಿಶಾಖಪಟ್ಟಣದಿಂದ ಬಂದ ಲಿಯರ್‌ಜೆಟ್ 45 ಒಂದು ಜೋರು ಮಳೆಯಲ್ಲಿ ಇಳಿಯುವಾಗ ರನ್‌ವೇಯಿಂದ ಪಕ್ಕಕ್ಕೆ ಜಾರಿ ಮುರಿದುಬಿತ್ತು. ಅದರಲ್ಲಿದ್ದ ಎಂಟೂ ಜನ ಬದುಕಿದರು. ಆ ವಿಡಿಯೊ ನೀವೂ ನೋಡಿರಬಹುದು. ಹಾಗಾದರೆ ಇದನ್ನು ಅಪಾಯದ ವಿಮಾನ ಎನ್ನಬಹುದೇ? ಇದಕ್ಕೆ ಉತ್ತರ ಹುಡುಕಬೇಕಾದರೆ ಅರವತ್ತು ವರ್ಷ ಹಿಂದಕ್ಕೆ ಹೋಗಬೇಕು.

ಯುದ್ಧವಿಮಾನದ ರೆಕ್ಕೆ, ಉದ್ಯಮಿಯ ಸೀಟು

ಬಿಲ್ ಲಿಯರ್ ಎಂಬ ಅಮೆರಿಕನ್ ಸಂಶೋಧಕ ಕಾರ್ ರೇಡಿಯೊದಿಂದ ಹಿಡಿದು ಎಂಟು ಟ್ರ್ಯಾಕಿನ ಟೇಪಿನವರೆಗೆ ಕೈಹಾಕದ ಕೆಲಸವಿರಲಿಲ್ಲ. ಸ್ವಿಟ್ಜರ್ಲೆಂಡ್ ದೇಶ ಪಿ-16 ಎಂಬ ಯುದ್ಧವಿಮಾನ ಮಾಡಲು ಹೋಗಿ, ಅದರ ಮಾದರಿಗಳು ಅಪಘಾತಕ್ಕೀಡಾದ ಮೇಲೆ ಯೋಜನೆಯನ್ನೇ ಕೈಬಿಟ್ಟಿತ್ತು. ಅದರ ರೆಕ್ಕೆಯ ವಿನ್ಯಾಸ ಲಿಯರ್ ಅವರಿಗೆ ಹಿಡಿಸಿತು. ಹೀಗೆ ಹುಟ್ಟಿದ ಲಿಯರ್‌ಜೆಟ್ 23 ಮೊದಲ ಸಲ ಹಾರಿದ್ದು 1963ರ ಅಕ್ಟೋಬರ್ 7ರಂದು, ಅಮೆರಿಕದ ಕ್ಯಾನ್ಸಸ್ ರಾಜ್ಯದ ವಿಚಿಟಾದಲ್ಲಿ. ಮರುವರ್ಷ ಸರ್ಕಾರಿ ಪರೀಕ್ಷೆಯ ವೇಳೆ, ರೆಕ್ಕೆಯ ಮೇಲಿನ ಸ್ಪಾಯ್ಲರ್ ಫಲಕಗಳು ಎದ್ದು ನಿಂತಿರುವಾಗಲೇ ಸರ್ಕಾರದ ಪೈಲಟ್ ವಿಮಾನವನ್ನು ಮೇಲೇರಿಸಿದ್ದರಿಂದ ಮೊದಲ ಮಾದರಿಯೇ ಹೊಲಕ್ಕೆ ಬಿದ್ದು ಸುಟ್ಟುಹೋಯಿತು. ಯಾರಿಗೂ ಏನೂ ಆಗಲಿಲ್ಲ. ಕೈಯಲ್ಲಿ ಕಾಸಿಲ್ಲದೆ ಒದ್ದಾಡುತ್ತಿದ್ದ ಲಿಯರ್ ಅವರಿಗೆ ಅದರ ವಿಮೆ ಹಣವೇ ಆಸರೆಯಾಯಿತು ಎಂಬ ಕಥೆ ಇವತ್ತಿಗೂ ಚಾಲ್ತಿಯಲ್ಲಿದೆ.

ಈ ಮೊದಲ ಮಾದರಿಯ ದಾಖಲೆ ನಿಜಕ್ಕೂ ಕೆಟ್ಟದ್ದು. ಮಾಡಿದ್ದು ಸುಮಾರು 100 ವಿಮಾನ, ವರ್ಷಗಳು ಉರುಳಿದ ಹಾಗೆ ಅವುಗಳಲ್ಲಿ ಕಾಲು ಭಾಗದಷ್ಟು ಅಪಘಾತಗಳಲ್ಲೇ ಹಾಳಾದವು. ಅದೇ ಕಾಲದ ಪ್ರಯಾಣಿಕ ವಿಮಾನಗಳ ಪಕ್ಕ ಇಟ್ಟು ನೋಡಿದರೂ ಇದು ದೊಡ್ಡ ಪ್ರಮಾಣ. ಕಾರಣವೂ ಊಹಿಸಲಾಗದ್ದೇನಲ್ಲ. ವಿಮಾನ ಹಗುರ, ಎಂಜಿನ್ ಭಾರಿ ಶಕ್ತಿಯದು, ರೆಕ್ಕೆ ಚಿಕ್ಕದು. ಬಾಣದಂತೆ ಮೇಲೇರುತ್ತಿತ್ತು, ಇಳಿಯುವಾಗಲೂ ವೇಗ ಹೆಚ್ಚಿರುತ್ತಿತ್ತು. ಇದನ್ನು ಕೊಂಡವರ ಪೈಲಟ್‌ಗಳೋ, ನಿಧಾನದ ಪ್ರೊಪೆಲ್ಲರ್ ವಿಮಾನಗಳಿಂದ ನೇರ ಇದಕ್ಕೆ ಬಂದು ಕೂತವರು. ಇವತ್ತು ನಾವು ಸಹಜವೆಂದುಕೊಂಡಿರುವ, ಕಟ್ಟಡದೊಳಗೇ ವಿಮಾನ ಹಾರಿಸಿದ ಅನುಭವ ಕೊಡುವ ಸಿಮ್ಯುಲೇಟರ್ ತರಬೇತಿ ಆಗ ಇನ್ನೂ ಬೆಳೆದಿರಲಿಲ್ಲ. ಊರಿನ ಲೂನಾದಲ್ಲಿ ಕಲಿತವರಿಗೆ ಮರುದಿನವೇ ರೇಸ್ ಬೈಕ್ ಕೊಟ್ಟಂತೆ.

1966ರ ಹೊತ್ತಿಗೆ ಬಂದ ಮುಂದಿನ ಮಾದರಿ, ಲಿಯರ್‌ಜೆಟ್ 24, ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಅನ್ವಯವಾಗುವ ಕಠಿಣ ನಿಯಮದಡಿ ಪರವಾನಗಿ ಪಡೆಯಿತು. ಆಮೇಲೆ 25, 35, 55, 60, 45, 75 ಎಂದು ಸಾಲುಸಾಲಾಗಿ ಮಾದರಿಗಳು ಬಂದವು. ಕಂಪನಿ 1990ರಲ್ಲಿ ಕೆನಡಾದ ಬೊಂಬಾರ್ಡಿಯರ್ ಕೈಸೇರಿತು. ಕೊನೆಯ ಲಿಯರ್‌ಜೆಟ್ ಕಾರ್ಖಾನೆಯಿಂದ ಹೊರಬಂದದ್ದು 2022ರಲ್ಲಿ. ಒಟ್ಟು 3,000ಕ್ಕೂ ಹೆಚ್ಚು ವಿಮಾನಗಳು.

ಇಲ್ಲೇ ನಮ್ಮ ಫಾರ್ವರ್ಡ್‌ನ ಮೊದಲ ಎಡವಟ್ಟು. 1964ರ ವಿಮಾನವನ್ನೂ 2010ರ ದಶಕದ ವಿಮಾನವನ್ನೂ ‘ಲಿಯರ್‌ಜೆಟ್’ ಎಂಬ ಒಂದೇ ಹೆಸರಿನಡಿ ಎಣಿಸುತ್ತಾರೆ. ಮೂಲ ಅಂಬಾಸಿಡರ್‌ಗೂ ಇವತ್ತಿನ ಕಾರಿಗೂ ಒಂದೇ ಅಂಕಪಟ್ಟಿ ಕೊಟ್ಟ ಹಾಗೆ.

ಎಣಿಕೆ ಬೇರೆ, ದರ ಬೇರೆ

ಎರಡನೆಯ ಎಡವಟ್ಟು ಇನ್ನೂ ಸಾಮಾನ್ಯವಾದದ್ದು. ‘ಈ ವಿಮಾನ ಇಷ್ಟು ಸಲ ಬಿದ್ದಿದೆ’ ಎಂಬ ಅಂಕಿ ಕೇಳಲು ಭಯಂಕರವಾಗಿರುತ್ತದೆ. ಆದರೆ ಎಷ್ಟು ಹಾರಾಟದಲ್ಲಿ ಎಂದು ಹೇಳದಿದ್ದರೆ ಆ ಅಂಕಿಗೆ ಅರ್ಥವೇ ಇಲ್ಲ. ನಮ್ಮ ರಸ್ತೆಗಳನ್ನೇ ತೆಗೆದುಕೊಳ್ಳಿ. ಸ್ಪ್ಲೆಂಡರ್ ಬೈಕಿನ ಅಪಘಾತಗಳನ್ನೂ ಯಾವುದೋ ದುಬಾರಿ ವಿದೇಶಿ ಬೈಕಿನ ಅಪಘಾತಗಳನ್ನೂ ಎಣಿಸಿದರೆ ಸ್ಪ್ಲೆಂಡರ್‌ನದೇ ಹೆಚ್ಚಿರುತ್ತದೆ. ಯಾಕೆ? ಹಳ್ಳಿಯಿಂದ ದಿಲ್ಲಿಯವರೆಗೆ ಓಡಾಡುತ್ತಿರುವುದು ಅದೇ ಆದ್ದರಿಂದ. ಹಾಗಾಗಿ ವಿಮಾನ ಸುರಕ್ಷತೆಯವರು ಅಪಘಾತವನ್ನು ಹಾರಾಟದ ಗಂಟೆಗಳಿಂದಲೋ ಒಟ್ಟು ಹಾರಾಟಗಳ ಸಂಖ್ಯೆಯಿಂದಲೋ ಭಾಗಿಸಿ ದರ ತೆಗೆಯುತ್ತಾರೆ. ಅರವತ್ತು ವರ್ಷ, ಮೂರು ಸಾವಿರ ವಿಮಾನ, ಹತ್ತಾರು ದೇಶಗಳು ಎಂದಾದಾಗ ಅಪಘಾತಗಳ ಪಟ್ಟಿ ಉದ್ದ ಇರಲೇಬೇಕು.

ಆದರೆ ದರ ತೆಗೆದರೂ ಒಂದು ಪ್ರಶ್ನೆ ಉಳಿಯುತ್ತದೆ, ನನ್ನ ಪ್ರಕಾರ ಅದೇ ಮುಖ್ಯ ಪ್ರಶ್ನೆ. ಒಂದೇ ಮಾದರಿಯ ವಿಮಾನವನ್ನು ಒಂದು ದೊಡ್ಡ ಕಂಪನಿ ತನ್ನ ಅಧಿಕಾರಿಗಳಿಗಾಗಿ ಇಟ್ಟುಕೊಂಡು, ಅನುಭವಿ ಇಬ್ಬರು ಪೈಲಟ್‌ಗಳಿಂದ, ಗೊತ್ತಿರುವ ನಿಲ್ದಾಣಗಳಿಗೆ ಮಾತ್ರ ಹಾರಿಸಬಹುದು. ಅದೇ ಮಾದರಿಯ ಇನ್ನೊಂದು ವಿಮಾನ ನಾಲ್ಕು ಕೈ ಬದಲಾಗಿ, ಬಾಡಿಗೆಗೆ, ಫೋನ್ ಬಂದ ಅರ್ಧ ದಿನದಲ್ಲಿ ಗುರುತಿಲ್ಲದ ನಿಲ್ದಾಣಕ್ಕೆ ಹಾರಬೇಕಾಗಬಹುದು. ಅಮೆರಿಕದ ಅನುಭವ ನೋಡಿದರೆ ಮೊದಲ ರೀತಿಯ ಹಾರಾಟದ ಸುರಕ್ಷತೆ ದೊಡ್ಡ ವಿಮಾನಯಾನ ಕಂಪನಿಗಳ ಹತ್ತಿರಕ್ಕೆ ಬರುತ್ತದೆ. ಎಲ್ಲ ಬಗೆಯ ಖಾಸಗಿ ಚಿಕ್ಕ ವಿಮಾನಗಳನ್ನು ಸೇರಿಸಿದ ಸಾಮಾನ್ಯ ವಿಮಾನಯಾನದಲ್ಲಿ ಮಾತ್ರ ಸುಮಾರು ಒಂದು ಲಕ್ಷ ಹಾರಾಟದ ಗಂಟೆಗೆ ಒಂದು ಮಾರಣಾಂತಿಕ ಅಪಘಾತ ಆಗುತ್ತದೆ. ಇನ್ನೊಂದು ಕಡೆ, 2009ರ ಫೆಬ್ರವರಿಯಿಂದ 2025ರ ಜನವರಿಯವರೆಗೆ ಅಮೆರಿಕದ ಪ್ರಯಾಣಿಕ ವಿಮಾನಯಾನ ಕಂಪನಿಗಳಲ್ಲಿ ಹತ್ತಾರು ಜನ ಸಾಯುವಂಥ ಒಂದೂ ಅಪಘಾತ ಆಗಲಿಲ್ಲ. ಆಕಾಶ ಒಂದೇ, ಹಾರಿಸುವ ರೀತಿ ಬೇರೆ.

ನಾಲ್ಕು ಅಪಘಾತ, ನಾಲ್ಕು ಕಾರಣ

ವಿಮಾನದಲ್ಲೇ ದೋಷವಿದ್ದರೆ ಅಪಘಾತಗಳಲ್ಲಿ ಒಂದೇ ಕಾರಣ ಮತ್ತೆಮತ್ತೆ ಕಾಣಿಸಬೇಕು. ಲಿಯರ್‌ಜೆಟ್‌ನ ಹೆಸರುವಾಸಿ ಅಪಘಾತಗಳನ್ನು ಹಾಗೆ ನೋಡೋಣ.

1999ರ ಅಕ್ಟೋಬರ್ 25. ಅದೇ ವರ್ಷ ಯುಎಸ್ ಓಪನ್ ಗೆದ್ದಿದ್ದ ಗಾಲ್ಫ್ ಆಟಗಾರ ಪೇನ್ ಸ್ಟೂವರ್ಟ್ ಫ್ಲೋರಿಡಾದಿಂದ ಟೆಕ್ಸಾಸ್‌ಗೆ ಹೊರಟಿದ್ದ ಲಿಯರ್‌ಜೆಟ್ 35ರಲ್ಲಿ ಗಾಳಿಯ ಒತ್ತಡ ಕಳೆದುಹೋಯಿತು. ಹನ್ನೆರಡು ಕಿಲೋಮೀಟರ್ ಎತ್ತರದಲ್ಲಿ ಆಮ್ಲಜನಕದ ಮುಖವಾಡ ಇಲ್ಲದಿದ್ದರೆ ಮನುಷ್ಯನಿಗೆ ನೆಟ್ಟಗೆ ಯೋಚಿಸಲು ಸಿಗುವ ಸಮಯ ಅರ್ಧ ನಿಮಿಷವೂ ಇಲ್ಲ. ಜೊತೆಗೆ ಹಾರಿದ ವಾಯುಪಡೆಯ ಎಫ್-16 ಪೈಲಟ್‌ಗಳಿಗೆ ಒಳಗಿನಿಂದ ಮಂಜುಗಟ್ಟಿದ ಕಿಟಕಿಗಳು ಮಾತ್ರ ಕಂಡವು. ಆಟೊಪೈಲಟ್‌ನಲ್ಲಿ ಸುಮಾರು ನಾಲ್ಕು ಗಂಟೆ, 2,400 ಕಿಲೋಮೀಟರ್ ಹಾರಿ, ಇಂಧನ ಮುಗಿದ ಮೇಲೆ ಸೌತ್ ಡಕೋಟಾದ ಹೊಲವೊಂದಕ್ಕೆ ವಿಮಾನ ಬಿತ್ತು. ಆರೂ ಜನ ಸತ್ತರು.

2008ರ ಸೆಪ್ಟೆಂಬರ್ 19, ನಡುರಾತ್ರಿಯ ಹೊತ್ತು, ಸೌತ್ ಕ್ಯಾರೊಲಿನಾದ ಕೊಲಂಬಿಯಾ. ಲಿಯರ್‌ಜೆಟ್ 60 ಒಂದು ರನ್‌ವೇಯಲ್ಲಿ ಓಡುವಾಗಲೇ ಟೈರ್‌ಗಳು ಸಿಡಿದವು. ಕ್ಯಾಪ್ಟನ್ ಮೇಲೇರುವುದನ್ನು ಬಿಟ್ಟು ನಿಲ್ಲಿಸಲು ಹೋದರು. ಆದರೆ ಆ ವೇಗದಲ್ಲಿ ನಿಲ್ಲಿಸುವುದು ಕೈಮೀರಿತ್ತು. ನಾಲ್ವರು ಸತ್ತರು. ಡ್ರಮ್ ವಾದಕ ಟ್ರಾವಿಸ್ ಬಾರ್ಕರ್ ಸೇರಿ ಇಬ್ಬರು ಬದುಕಿದರು. ಈ ವಿಮಾನದ ಟೈರ್‌ಗಳಲ್ಲಿ ದಿನಕ್ಕೆ ಸುಮಾರು ಶೇ 2ರಷ್ಟು ಗಾಳಿ ಇಳಿಯುತ್ತದೆ. ಸುಮಾರು ಮೂರು ವಾರದಿಂದ ಯಾರೂ ಅವುಗಳ ಗಾಳಿ ನೋಡಿರಲಿಲ್ಲ. ನಮ್ಮ ಮೂಲೆಯ ಪಂಕ್ಚರ್ ಅಂಗಡಿಯಲ್ಲಿ ಹತ್ತು ರೂಪಾಯಿಗೆ ಆಗುವ ಕೆಲಸ ಅದು.

ಆದರೆ ಇಲ್ಲಿ ವಿಮಾನವನ್ನು ಪೂರ್ತಿ ಬಿಟ್ಟುಬಿಡುವಂತಿಲ್ಲ. ಸಿಡಿದ ಟೈರಿನ ಚೂರುಗಳು ಚಕ್ರದ ಬಳಿಯ ಸೆನ್ಸರ್‌ಗೆ ಬಡಿದದ್ದರಿಂದ ವಿಮಾನ ತಾನು ಗಾಳಿಯಲ್ಲಿದ್ದೇನೆ ಎಂದುಕೊಂಡಿತು. ವಿಮಾನವನ್ನು ನಿಲ್ಲಿಸಲು ಎಂಜಿನ್ನಿನ ಹೊಡೆತವನ್ನು ಮುಂದಕ್ಕೆ ತಿರುಗಿಸುವ ಥ್ರಸ್ಟ್ ರಿವರ್ಸರ್ ತಾನಾಗಿ ಮುಚ್ಚಿಕೊಂಡಿತು. ಪೈಲಟ್ ನಿಲ್ಲಿಸಲು ಒತ್ತು ಕೊಟ್ಟಷ್ಟೂ ವಿಮಾನ ಮುಂದಕ್ಕೇ ನುಗ್ಗುವ ಸ್ಥಿತಿ. 2001ರಲ್ಲಿ ಅಲಬಾಮಾದ ಟ್ರಾಯ್‌ನಲ್ಲಿ ಇದೇ ಮಾದರಿಯ ವಿಮಾನಕ್ಕೆ ಜಿಂಕೆ ಡಿಕ್ಕಿಯಾದಾಗಲೂ ಇಂಥದ್ದೇ ಆಗಿತ್ತು. ಅಮೆರಿಕದ ತನಿಖಾ ಸಂಸ್ಥೆ ಎನ್‌ಟಿಎಸ್‌ಬಿ ಟೈರ್ ನೋಡದ ಸಂಸ್ಥೆಯನ್ನೂ ಕ್ಯಾಪ್ಟನ್‌ನ ನಿರ್ಧಾರವನ್ನೂ ಹೆಸರಿಸಿತು, ಜೊತೆಗೆ ವಿನ್ಯಾಸದ ಈ ಕೊರತೆಯನ್ನೂ ಅದನ್ನು ಸರಿಯಾಗಿ ಪರಿಶೀಲಿಸದ ಸರ್ಕಾರಿ ಇಲಾಖೆಯನ್ನೂ ಹೆಸರಿಸಿತು. ‘ಎಲ್ಲಾ ಪೈಲಟ್ ತಪ್ಪು’ ಎನ್ನುವ ಫಾರ್ವರ್ಡ್‌ಗಳೂ ಬರುತ್ತವಲ್ಲ, ಅವುಗಳಿಗೂ ಇದೇ ಉತ್ತರ.

ಅದೇ ವರ್ಷದ ನವೆಂಬರ್ 4ರ ಸಂಜೆ, ಮೆಕ್ಸಿಕೊ ಸಿಟಿಯ ವಾಹನ ದಟ್ಟಣೆಯ ನಡುವೆ ಲಿಯರ್‌ಜೆಟ್ 45 ಒಂದು ಬಿತ್ತು. ಅದರಲ್ಲಿದ್ದವರು ದೇಶದ ಗೃಹಸಚಿವ ಹುವಾನ್ ಕಮೀಲೊ ಮೊರಿನ್ಯೊ. ಮಾದಕವಸ್ತು ದಂಧೆಕೋರರ ವಿರುದ್ಧ ಸರ್ಕಾರ ಸಮರ ಸಾರಿದ್ದ ಕಾಲವದು. ಅದೇ ದಂಧೆಯ ವಿರುದ್ಧ ಕೆಲಸ ಮಾಡಿದ್ದ ಹಿರಿಯ ವಕೀಲರೊಬ್ಬರೂ ವಿಮಾನದಲ್ಲಿದ್ದರು. ಬಾಂಬ್ ಇಟ್ಟಿದ್ದಾರೆ ಎಂಬ ಮಾತು ಹಬ್ಬಲು ಇಷ್ಟು ಸಾಕಲ್ಲವೇ? ತನಿಖೆಯಲ್ಲಿ ಸ್ಫೋಟಕದ ಕುರುಹೇ ಸಿಗಲಿಲ್ಲ. ಸಿಕ್ಕಿದ್ದು ಗಾಳಿ. ದೊಡ್ಡ ವಿಮಾನ ಹಾದುಹೋದಾಗ ಅದರ ರೆಕ್ಕೆಯ ತುದಿಗಳಿಂದ ಎರಡು ಸುಳಿಗಳು ಹುಟ್ಟಿ ಕೆಲ ನಿಮಿಷ ಹಿಂದೆಯೇ ತೇಲುತ್ತಿರುತ್ತವೆ. ಪೈಲಟ್‌ಗಳು ಇದನ್ನು ವೇಕ್ ಟರ್ಬ್ಯುಲೆನ್ಸ್ ಎನ್ನುತ್ತಾರೆ. ಲಾರಿ ರಭಸದಿಂದ ಹಾದುಹೋದಾಗ ಪಕ್ಕದ ಸೈಕಲ್ ಅಲ್ಲಾಡುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಮುಂದೆ ಹೋಗುತ್ತಿದ್ದದ್ದು ನೂರು ಟನ್‌ಗೂ ಹೆಚ್ಚು ತೂಗುವ ಬೋಯಿಂಗ್ 767. ಹಿಂದಿದ್ದ ಲಿಯರ್‌ಜೆಟ್ ಹತ್ತು ಟನ್ ಕೂಡ ಇರಲಿಲ್ಲ. ವೇಗ ತಗ್ಗಿಸಿ ಎಂದು ನಿಯಂತ್ರಣ ಕೊಠಡಿ ಹೇಳಿದ ಮೇಲೂ ಪೈಲಟ್‌ಗಳು ತಡಮಾಡಿದ್ದರಿಂದ ಇರಬೇಕಾದ ಅಂತರ ಉಳಿಯಲಿಲ್ಲ. ಅವರ ತರಬೇತಿಯ ದಾಖಲೆಗಳ ಬಗ್ಗೆಯೂ ತನಿಖೆಯಲ್ಲಿ ಪ್ರಶ್ನೆಗಳೆದ್ದವು. ವಿಮಾನದಲ್ಲಿದ್ದ ಎಲ್ಲರೂ, ಕೆಳಗಿನ ರಸ್ತೆಯಲ್ಲಿದ್ದ ಹಲವರೂ ಸತ್ತರು.

2017ರ ಮೇ 15ರಂದು ನ್ಯೂಯಾರ್ಕ್ ಪಕ್ಕದ ಟೆಟರ್‌ಬರೊದಲ್ಲಿ ಆದದ್ದು ಪ್ರಯಾಣಿಕರಿಲ್ಲದ, ವಿಮಾನವನ್ನು ಇನ್ನೊಂದು ನಿಲ್ದಾಣಕ್ಕೆ ತಲುಪಿಸುವ ಚಿಕ್ಕ ಹಾರಾಟ. ಲಿಯರ್‌ಜೆಟ್ 35ಎ. ಒಂದು ರನ್‌ವೇಯತ್ತ ಬಂದು, ಸುತ್ತು ಹಾಕಿ ಇನ್ನೊಂದರ ಮೇಲೆ ಇಳಿಯಬೇಕಿತ್ತು. ಇದಕ್ಕೆ ಸರ್ಕ್ಲಿಂಗ್ ಎನ್ನುತ್ತಾರೆ. ತಿರುಗುವುದು ತಡವಾಯಿತು, ತಡವಾದದ್ದನ್ನು ಸರಿದೂಗಿಸಲು ಕಡಿದಾಗಿ ವಾಲಿಸಿದರು, ಕಡಿಮೆ ವೇಗದಲ್ಲಿ ರೆಕ್ಕೆ ತನ್ನ ಹಿಡಿತ ಬಿಟ್ಟಿತು. ಕಂಪನಿಯ ನಿಯಮದ ಪ್ರಕಾರ ಸಹಪೈಲಟ್‌ಗೆ ಆ ವಿಮಾನ ಹಾರಿಸುವ ಅನುಮತಿಯೇ ಇರಲಿಲ್ಲ, ಆದರೂ ಬಹುಪಾಲು ದೂರ ಹಾರಿಸಿದ್ದು ಅವರೇ. ಇಬ್ಬರೂ ಸತ್ತರು. ಮತ್ತೊಮ್ಮೆ ಮೇಲೇರಿ ಹೊಸದಾಗಿ ಬರಬಹುದಿತ್ತು. ಹಾಗೆ ಮಾಡಲಿಲ್ಲ ಎಂಬುದೇ ತನಿಖೆಯ ಸಾರ.

ಒತ್ತಡ, ಟೈರ್, ಸುಳಿಗಾಳಿ, ತಿರುವು. ಇವುಗಳಲ್ಲಿ ವಿಮಾನದ ಪಾಲು ಒಂದು ಕಡೆ ಸ್ಪಷ್ಟವಾಗಿದೆ. ಉಳಿದ ಕಡೆ ಮತ್ತೆಮತ್ತೆ ಕಾಣುವುದು ತರಬೇತಿ, ನಿರ್ವಹಣೆ, ಮತ್ತು ಅವುಗಳ ಮೇಲೆ ಯಾರಾದರೂ ಕಣ್ಣಿಟ್ಟಿದ್ದಾರೋ ಇಲ್ಲವೋ ಎಂಬುದು.

ವಿಮಾನ ಅದೇ, ತರಬೇತಿ ಬದಲಾಯಿತು

ಇದು ಬರೀ ವಾದ ಅಲ್ಲ, ಪರೀಕ್ಷೆಗೆ ಒಳಗಾದ ಸಂಗತಿ. ಲಿಯರ್‌ಜೆಟ್ ಹಾರಿದ 1963ರಲ್ಲೇ ಜಪಾನಿನ ಮಿತ್ಸುಬಿಷಿ ಎಂಯು-2 ಎಂಬ ಚಿಕ್ಕ ಟರ್ಬೊಪ್ರಾಪ್ ಹಾರಿಸಿತು. ಇದೂ ಉದ್ಯಮಿಗಳಿಗಾಗಿಯೇ ಮಾಡಿದ್ದು, ಇದೂ ಚಿಕ್ಕ ರೆಕ್ಕೆಯ, ವೇಗದ ವಿಮಾನ. ಸಾಮಾನ್ಯ ವಿಮಾನಗಳಿಗಿಂತ ಭಿನ್ನವಾದ ವ್ಯವಸ್ಥೆಯಿಂದ ವಾಲುತ್ತಿತ್ತು. ಅಮೆರಿಕದಲ್ಲಿ ಇದಕ್ಕೆ ಎಂಥ ಕೆಟ್ಟ ಹೆಸರು ಬಂತೆಂದರೆ ನಿಷೇಧಿಸಿ ಎಂದು ಜನಪ್ರತಿನಿಧಿಗಳೇ ಕೇಳತೊಡಗಿದರು. ಅಲ್ಲಿನ ವಿಮಾನಯಾನ ಇಲಾಖೆ ಎಫ್ಎಎ ಒಂದಕ್ಕಿಂತ ಹೆಚ್ಚು ಸಲ ವಿನ್ಯಾಸವನ್ನು ಬಿಚ್ಚಿ ನೋಡಿತು. ವಿಮಾನ ನಿಯಮದಂತೆಯೇ ಇತ್ತು. ಆದರೆ ಬೇರೆ ವಿಮಾನದ ಅಭ್ಯಾಸದಲ್ಲಿ ಇದನ್ನು ಹಾರಿಸಿದರೆ ಮುಳುವಾಗುತ್ತಿತ್ತು. 2008ರಲ್ಲಿ ಈ ಒಂದೇ ವಿಮಾನಕ್ಕಾಗಿ ವಿಶೇಷ ನಿಯಮ ಬಂತು: ನಿಗದಿತ ತರಬೇತಿ, ನಿಗದಿತ ಚೆಕ್‌ಲಿಸ್ಟ್, ಕಾಲಕಾಲಕ್ಕೆ ಮರುತರಬೇತಿ. ಆನಂತರ ಅಪಘಾತದ ದರ ಗಣನೀಯವಾಗಿ ಇಳಿಯಿತು. ಅಷ್ಟರಲ್ಲಿ ಉತ್ಪಾದನೆ ನಿಂತು ಇಪ್ಪತ್ತು ವರ್ಷ ಕಳೆದಿತ್ತು. ಅಂದರೆ ಹಾರುತ್ತಿದ್ದದ್ದು ಅವೇ ಹಳೆಯ ವಿಮಾನಗಳು.

ಹಳೆಯದು ಎಂಬ ಮಾತು ಬಂದದ್ದರಿಂದ ಇನ್ನೊಂದು ವಿಷಯ. ‘ಹಳೆ ವಿಮಾನ, ಅದಕ್ಕೇ ಬಿತ್ತು’ ಎಂಬುದೂ ಪೂರ್ತಿ ಸರಿಯಲ್ಲ. ಕಾರಿನಂತೆ ವಿಮಾನಕ್ಕೆ ಹದಿನೈದು ವರ್ಷದ ಲೆಕ್ಕವಿಲ್ಲ. ಗಂಟೆಗಳ ಲೆಕ್ಕದಲ್ಲಿ ಬಿಡಿಭಾಗ ಬದಲಿಸುತ್ತ ಹೋದರೆ ನಲವತ್ತು ವರ್ಷದ ವಿಮಾನವೂ ಸುರಕ್ಷಿತವಾಗಿರಬಹುದು. ತೊಂದರೆ ಇರುವುದು ಬೇರೆ ಕಡೆ. ಹಳೆಯ ಜೆಟ್ ಅಗ್ಗಕ್ಕೆ ಸಿಗುತ್ತದೆ, ಅದರ ನಿರ್ವಹಣೆ ಮಾತ್ರ ಅಗ್ಗವಲ್ಲ. ಕೊಳ್ಳಲು ಹಣವಿದ್ದು ಸಾಕಲು ಹಣವಿಲ್ಲದವರ ಕೈಗೆ ಅದು ಸೇರಿದಾಗ ಅಪಾಯ ಶುರುವಾಗುತ್ತದೆ.

2025ರ ಜನವರಿ 31ರಂದು ಫಿಲಡೆಲ್ಫಿಯಾದಲ್ಲಿ ಬಿದ್ದದ್ದು 1980ರ ದಶಕದ ಮಾದರಿಯಾದ ಲಿಯರ್‌ಜೆಟ್ 55, ಏರ್ ಆಂಬುಲೆನ್ಸ್. ಚಿಕಿತ್ಸೆ ಮುಗಿಸಿಕೊಂಡ ಹುಡುಗಿಯೊಬ್ಬಳು ತಾಯಿಯ ಜೊತೆ ಮೆಕ್ಸಿಕೊಗೆ ಮರಳುತ್ತಿದ್ದಳು. ಮೇಲೇರಿ ಒಂದು ನಿಮಿಷದೊಳಗೆ ಮನೆಗಳಿದ್ದ ಪ್ರದೇಶಕ್ಕೆ ಬಿತ್ತು. ಆರೂ ಜನ ಹೋದರು, ಕೆಳಗಿದ್ದವರೂ ಸತ್ತರು. ಕಾಕ್‌ಪಿಟ್‌ನ ಮಾತು ದಾಖಲಿಸುವ ಯಂತ್ರವನ್ನು ಎಂಟು ಅಡಿ ಗುಂಡಿಯಿಂದ ಹೊರತೆಗೆದು ಕೇಳಿದರೆ ಆ ಹಾರಾಟದ್ದು ಏನೂ ಇರಲಿಲ್ಲ. ಬಹುಶಃ ಹಲವು ವರ್ಷಗಳಿಂದ ಅದು ದಾಖಲಿಸುತ್ತಲೇ ಇರಲಿಲ್ಲ ಎಂದು ಪ್ರಾಥಮಿಕ ವರದಿ ಹೇಳಿತು. ಆ ಯಂತ್ರ ಕೆಟ್ಟರೆ ವಿಮಾನ ಬೀಳುವುದಿಲ್ಲ, ನಿಜ. ಆದರೆ ವರ್ಷಗಟ್ಟಲೆ ಕೆಟ್ಟಿದ್ದರೂ ಯಾರ ಕಣ್ಣಿಗೂ ಬೀಳಲಿಲ್ಲ ಎಂದರೆ ಪ್ರಶ್ನೆ ಕೇಳಬೇಕಾದದ್ದು ವಿಮಾನವನ್ನಲ್ಲ.

ನಿಯಮಗಳಲ್ಲೂ ಈ ತಾರತಮ್ಯ ಕಾಣುತ್ತದೆ. ಅಪಾಯಗಳನ್ನು ಮೊದಲೇ ಗುರುತಿಸಿ ಸರಿಪಡಿಸುವ ಸುರಕ್ಷತಾ ನಿರ್ವಹಣಾ ವ್ಯವಸ್ಥೆ ಅಮೆರಿಕದ ದೊಡ್ಡ ವಿಮಾನಯಾನ ಕಂಪನಿಗಳಲ್ಲಿ 2018ರ ಹೊತ್ತಿಗೇ ಕಡ್ಡಾಯವಾಗಿತ್ತು. ಬಾಡಿಗೆ ವಿಮಾನ ಸಂಸ್ಥೆಗಳಿಗೆ ಅದನ್ನು ವಿಸ್ತರಿಸುವ ನಿಯಮ ಬಂದದ್ದು 2024ರಲ್ಲಿ, ಅದಕ್ಕೂ 2027ರವರೆಗೆ ಗಡುವು.

‘ನಾನು ಯಾರು ಗೊತ್ತಾ?’

ಪೈಲಟ್, ಮೆಕ್ಯಾನಿಕ್, ಸರ್ಕಾರ ಇವರ ಜೊತೆಗೆ ಇನ್ನೊಬ್ಬರಿದ್ದಾರೆ. ಫಾರ್ವರ್ಡ್‌ಗಳಲ್ಲಿ ಅವರು ಯಾವಾಗಲೂ ಬಲಿಪಶು ಮಾತ್ರ. ಹಿಂದಿನ ಸೀಟಿನಲ್ಲಿ ಕೂತವರು.

2001ರ ಮಾರ್ಚ್ 29. ಇದು ಲಿಯರ್‌ಜೆಟ್ ಅಲ್ಲ, ಅದಕ್ಕಿಂತ ದೊಡ್ಡ ಗಲ್ಫ್‌ಸ್ಟ್ರೀಮ್ 3, ಬಾಡಿಗೆಗೆ ಪಡೆದದ್ದು. ಲಾಸ್ ಏಂಜಲಿಸ್‌ನಿಂದ ಕೊಲರಾಡೊದ ಆಸ್ಪೆನ್‌ಗೆ ಹೊರಟಿತ್ತು. ಆಸ್ಪೆನ್ ಬೆಟ್ಟಗಳ ನಡುವಿನ ನಿಲ್ದಾಣ, ಕತ್ತಲಾದ ಮೇಲೆ ಇಂಥ ವಿಮಾನಗಳು ಇಳಿಯುವಂತಿರಲಿಲ್ಲ. ಪ್ರಯಾಣಿಕರು ತಡವಾಗಿ ಬಂದರು. ಕತ್ತಲಾದರೆ ಬೇರೆ ಊರಿನಲ್ಲಿ ಇಳಿಯಬೇಕಾಗಬಹುದು ಎಂದು ತಿಳಿದಾಗ ಬಾಡಿಗೆಗೆ ಪಡೆದ ಗ್ರಾಹಕ ಸಿಟ್ಟಾದ ಸುದ್ದಿ ಕ್ಯಾಪ್ಟನ್‌ಗೆ ತಲುಪಿತು. ಆಸ್ಪೆನ್‌ನಲ್ಲಿ ಆಗ ಹಿಮ ಸುರಿಯುತ್ತಿತ್ತು. ಮುಂದೆ ಹೋದ ಬೇರೆ ವಿಮಾನಗಳು ಇಳಿಯಲಾಗದೆ ಮೇಲೇರಿದ್ದವು. ಇವರು ರನ್‌ವೇ ಕಣ್ಣಿಗೆ ಕಾಣದೆಯೇ ಇಳಿಯಬಾರದ ಎತ್ತರಕ್ಕೂ ಇಳಿದರು. ಹದಿನೆಂಟು ಜನ ಸತ್ತರು. ಎನ್‌ಟಿಎಸ್‌ಬಿ ವರದಿಯಲ್ಲಿ ಗ್ರಾಹಕನಿಂದ ಕ್ಯಾಪ್ಟನ್ ಮೇಲೆ ಬಿದ್ದ ಒತ್ತಡವೂ ಕಾರಣಗಳ ಸಾಲಿನಲ್ಲಿ ದಾಖಲಾಗಿದೆ.

ವಿಮಾನಯಾನ ಕಂಪನಿಯ ವಿಮಾನದಲ್ಲಿ ನೀವು ಎಷ್ಟೇ ಕೂಗಾಡಿದರೂ ಆ ಸದ್ದು ಕಾಕ್‌ಪಿಟ್‌ಗೆ ತಲುಪುವುದಿಲ್ಲ. ಎಂಟು ಸೀಟಿನ ಜೆಟ್‌ನಲ್ಲಿ ಪೈಲಟ್‌ಗೂ ಧಣಿಗೂ ನಡುವೆ ಇರುವುದು ಒಂದು ಪರದೆ, ಕೆಲವೊಮ್ಮೆ ಅದೂ ಇಲ್ಲ. ದಿನಕ್ಕೆ ನಾಲ್ಕು ಊರಿನ ಸಭೆ ಇಟ್ಟುಕೊಂಡ ನಾಯಕರು, ಮುಹೂರ್ತಕ್ಕೆ ತಲುಪಲೇಬೇಕಾದ ಉದ್ಯಮಿಗಳು, ಅವರ ಜೊತೆಗಿನ ‘ಸರ್‌ಗೆ ಲೇಟ್ ಆಗುತ್ತಿದೆ’ ಎನ್ನುವ ಸಹಾಯಕರು. ಹೋಗುವ ಊರಿನ ನಿಲ್ದಾಣದಲ್ಲಿ ಮಂಜು, ಮಳೆಯಲ್ಲೂ ವಿಮಾನವನ್ನು ರನ್‌ವೇಯ ಸಾಲಿಗೆ ತರುವ ಐಎಲ್‌ಎಸ್‌ನಂಥ ಉಪಕರಣ ಇಲ್ಲದಿದ್ದರಂತೂ ಎಲ್ಲವೂ ಪೈಲಟ್‌ನ ಕಣ್ಣಿನ ಮೇಲೆ, ಆತ ‘ಇಲ್ಲ’ ಎನ್ನುವ ಧೈರ್ಯದ ಮೇಲೆ ನಿಂತಿರುತ್ತದೆ.

ನಮಗೇನು ಸಂಬಂಧ?

ಇದನ್ನು ಓದುತ್ತಿರುವ ನಮ್ಮಲ್ಲಿ ಹೆಚ್ಚಿನವರು ಬಿಸಿನೆಸ್ ಜೆಟ್ ಹತ್ತುವವರಲ್ಲ. ಆದರೆ ಒಂದು ಸಂದರ್ಭವಿದೆ, ಅದು ಯಾರ ಮನೆಗೂ ಬರಬಹುದು. ದೂರದ ಊರಿನಲ್ಲಿ ಅಪ್ಪನಿಗೋ ಮಗುವಿಗೋ ಗಂಭೀರವಾಗಿ, ಬೆಂಗಳೂರಿಗೋ ಚೆನ್ನೈಗೋ ಕರೆತರಲು ಏರ್ ಆಂಬುಲೆನ್ಸ್ ಬೇಕಾಗುವ ಸಂದರ್ಭ. ಭಾರತದಲ್ಲಿ ಈ ಕೆಲಸಕ್ಕೆ ಕಿಂಗ್ ಏರ್‌ನಂಥ ಟರ್ಬೊಪ್ರಾಪ್‌ಗಳೂ ಚಿಕ್ಕ ಜೆಟ್‌ಗಳೂ ಬಳಕೆಯಲ್ಲಿವೆ. ‘ಈ ಮಾದರಿ ಬಿದ್ದೇ ಬೀಳುತ್ತದೆ’ ಎಂಬ ಫಾರ್ವರ್ಡ್ ಓದಿ ಹೆದರಿ, ಬೇಕಾದ ಹೊತ್ತಿನಲ್ಲಿ ಬೇಡ ಎನ್ನುವುದು ಒಂದು ಅಪಾಯ. ಅದಕ್ಕಿಂತ ದೊಡ್ಡ ಅಪಾಯ, ಆ ಗಾಬರಿಯಲ್ಲಿ ಏನನ್ನೂ ಕೇಳದೆ ಆನ್‌ಲೈನ್‌ನಲ್ಲಿ ಮೊದಲು ಸಿಕ್ಕ ಏಜೆಂಟ್‌ಗೆ ಹಣ ಹಾಕುವುದು.

ಏಜೆಂಟ್ ಬೇರೆ, ವಿಮಾನ ಹಾರಿಸುವ ಸಂಸ್ಥೆ ಬೇರೆ. ಹಾಗಾಗಿ ಮೊದಲು ಕೇಳಬೇಕಾದದ್ದು ವಿಮಾನ ಯಾವ ಸಂಸ್ಥೆಯದು ಎಂದು. ಬಾಡಿಗೆಗೆ ಜನರನ್ನು ಒಯ್ಯಬೇಕಾದರೆ ಆ ಸಂಸ್ಥೆಗೆ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎ ಅನುಮತಿ ಬೇಕು. ಎನ್‌ಎಸ್‌ಒಪಿ ಎಂದು ಅದನ್ನು ಕರೆಯುತ್ತಾರೆ, ಅನುಮತಿ ಇರುವವರ ಪಟ್ಟಿ ಡಿಜಿಸಿಎ ಜಾಲತಾಣದಲ್ಲಿದೆ. ಸ್ವಂತ ಬಳಕೆಗೆಂದು ನೋಂದಾಯಿಸಿದ ವಿಮಾನವನ್ನು ಬಾಡಿಗೆಗೆ ಓಡಿಸುವಂತಿಲ್ಲ. ನಮ್ಮಲ್ಲಿ ಬಿಳಿ ಬೋರ್ಡಿನ ಕಾರು ಟ್ಯಾಕ್ಸಿ ಓಡಿಸಿದ ಹಾಗೆ ಅದು. ಕಾನೂನಿನ ಮಾತು ಒಂದು ಕಡೆಯಾದರೆ, ಅಂಥ ವಿಮಾನಕ್ಕೆ ಬಾಡಿಗೆ ವಿಮಾನದಷ್ಟು ಬಿಗಿಯಾದ ತಪಾಸಣೆ ಇರುವುದಿಲ್ಲ ಎಂಬುದು ಇನ್ನೊಂದು ಕಡೆ. ಆಮೇಲೆ ಪೈಲಟ್‌ಗಳು ಇಬ್ಬರಿದ್ದಾರೆಯೇ, ಇಬ್ಬರಿಗೂ ಇದೇ ಮಾದರಿಯ ಅನುಮತಿ ಇದೆಯೇ, ಇಳಿಯುವ ಊರಿನಲ್ಲಿ ಹವಾಮಾನ ಕೆಟ್ಟರೆ ಬದಲಿ ನಿಲ್ದಾಣ ಯಾವುದು, ಅಲ್ಲಿ ಆಂಬುಲೆನ್ಸ್ ಸಿಗುತ್ತದೆಯೇ ಎಂದು ಕೇಳಿ. ಆ ಸಂಸ್ಥೆಯ ವಿಮಾನ ಹಿಂದೆ ಅಪಘಾತಕ್ಕೀಡಾಗಿದ್ದರೆ ಅದರ ತನಿಖಾ ವರದಿ ವಿಮಾನ ಅಪಘಾತ ತನಿಖಾ ಬ್ಯೂರೊ, ಎಎಐಬಿ ಜಾಲತಾಣದಲ್ಲಿ ಸಿಗುತ್ತದೆ. ಐಸಿಯು ಬಾಗಿಲಲ್ಲಿ ನಿಂತವರಿಗೆ ಇದನ್ನೆಲ್ಲ ಓದಲು ಪುರುಸೊತ್ತಿರುವುದಿಲ್ಲ, ಮನೆಯಲ್ಲಿರುವ ಇನ್ನೊಬ್ಬರಿಗೆ ಫೋನ್ ಕೊಟ್ಟು ನೋಡಲು ಹೇಳಿ. ಸಂಸ್ಥೆಯ ಹೆಸರನ್ನೇ ಹೇಳಲು ಏಜೆಂಟ್ ಹಿಂದೇಟು ಹಾಕಿದರೆ, ವಿಮಾನ ಎಷ್ಟೇ ಹೊಸದಿರಲಿ, ಇನ್ನೊಬ್ಬರಿಗೆ ಕರೆ ಮಾಡಿ.